ಪೌಂಡು, ಯೆನ್ನು ಮತ್ತು ನಮ್ಮಪ್ಪ

ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಫೋಟೋಗಳು ಬಂದವು, ಹಾಡುಗಳು ಬಂದವು, ಯಾರದೋ ಮದುವೆಯ ಉದ್ದನೆಯ ವಿಡಿಯೊ ಕೂಡ ಬಂತು. ಕನ್ನಡ ಮಾತ್ರ ವೇಷ ಮರೆಸಿಕೊಂಡು ಬಂತು. ನಿವೃತ್ತಿಯಾದ ಮೇಲೆ ಅಪ್ಪ ನುಡಿ ತಂತ್ರಾಂಶದಲ್ಲಿ ಕುಟ್ಟಿಟ್ಟ ನೆನಪುಗಳ ಕಡತ ತೆರೆದರೆ ತೆರೆಯ ತುಂಬ ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು. ನಡುನಡುವೆ ವಿದೇಶಿ ದುಡ್ಡು.

ಆ ದುಡ್ಡಿಗೂ ಒಂದು ಲೆಕ್ಕವಿದೆ. 'ನ' ಇದ್ದಲ್ಲೆಲ್ಲ ಪೌಂಡಿನ ಚಿಹ್ನೆ, 'ಪ' ಇದ್ದಲ್ಲೆಲ್ಲ ಜಪಾನಿನ ಯೆನ್. 'ನಾನು' ಅಂದರೆ ಎರಡು ಪೌಂಡು, 'ಪಾಪ' ಅಂದರೆ ಎರಡು ಯೆನ್, 'ನಮ್ಮಪ್ಪ' ಅಂದರೆ ಒಂದೊಂದು. ಮೇಷ್ಟ್ರ ಸಂಬಳದಲ್ಲಿ ಸಂಸಾರ ತೂಗಿಸಿದ ಮನುಷ್ಯ ಇಷ್ಟೊಂದು ಕೂಡಿಟ್ಟಿದ್ದಾರೆಂದು ಗೊತ್ತಿದ್ದರೆ, ಪಾಲು ಮಾಡಿಕೊಳ್ಳುವಾಗ ಅಣ್ಣ ತಮ್ಮಂದಿರು ಅಷ್ಟು ಧಾರಾಳವಾಗಿ ಇರುತ್ತಿರಲಿಲ್ಲ.

ಆಗಿನ ಫಾಂಟುಗಳ ಏರ್ಪಾಡೇ ಹಾಗೆ. ಇದ್ದದ್ದು 256 ಖಾನೆ. ಅವೂ ಇಂಗ್ಲಿಷಿಗೂ ಅದರ ಯೂರೋಪಿನ ನೆಂಟರಿಗೂ ಹಂಚಿಹೋಗಿದ್ದವು. ಅದೇ ಖಾನೆಗಳಲ್ಲಿ ನಮ್ಮವರು ಜಾಣತನದಿಂದ ತಲೆಕಟ್ಟು, ಕೊಂಬು, ಒತ್ತುಗಳನ್ನೆಲ್ಲ ಬಿಡಿಬಿಡಿಯಾಗಿ ಕೂರಿಸಿದರು. ಕಡತದಲ್ಲಿ ಉಳಿಯುತ್ತಿದ್ದದ್ದು ಕನ್ನಡ ಅಕ್ಷರಗಳ ಚೂರು. ಫಾಂಟು ಇಲ್ಲದ ಯಂತ್ರಕ್ಕೆ ಹೋದರೆ ಗುಟ್ಟು ರಟ್ಟು. ಯೂನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು, ನಿಜ. ಆದರೆ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂದದ್ದು 2001ರಲ್ಲಿ. ಅದು ಊರೂರು ತಲುಪಲು ಇನ್ನಷ್ಟು ವರ್ಷ ಬೇಕಾಯಿತು. ಅಪ್ಪ ಕಾಯುವ ಪೈಕಿ ಅಲ್ಲ.

"ಪರಿವರ್ತಕಕ್ಕೆ ಹಾಕಿ ಚಿಕ್ಕಪ್ಪ, ಒಂದು ನಿಮಿಷದ ಕೆಲಸ" ಅಂದಳು ಅಣ್ಣನ ಮಗಳು. ಒಂದು ನಿಮಿಷವೇ ಹಿಡಿಯಿತು. ಅರ್ಕಾವೊತ್ತಿನ ತಕರಾರನ್ನೂ ಅದು ಬಗೆಹರಿಸಿತು: ಹಳೆಯ ಕಡತದಲ್ಲಿ 'ಸೂರ್ಯ'ನ ರಕಾರ, ಕಣ್ಣಿಗೆ ಕಾಣುವ ಹಾಗೆ, ಯಕಾರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ನಾಲಿಗೆ ಹೇಳುವ ಹಾಗೆ ಮೊದಲು. ಇಷ್ಟು ಬುದ್ಧಿವಂತಿಕೆ ಇರುವ ಯಂತ್ರಕ್ಕೆ ಇಂಗ್ಲಿಷ್ ಕಂಡರೆ ಮಾತ್ರ ಸುಮ್ಮನಿರಲಾಗದು, ಅದನ್ನೂ ಕನ್ನಡ ಮಾಡಿಬಿಡುತ್ತದೆ. ಅಪ್ಪ ಹೆಸರಿನ ಮುಂದೆ ಅಭಿಮಾನದಿಂದ ಇಂಗ್ಲಿಷಿನಲ್ಲಿ ಬಿ.ಎ. ಎಂದು ಹಾಕಿಕೊಂಡಿದ್ದರು. ಬಿ ಹೋಗಿ ವಿಸರ್ಗವಾಯಿತು, ಎ ಹೋಗಿ ಅನುಸ್ವಾರವಾಯಿತು. ಕಷ್ಟಪಟ್ಟು ಪಡೆದ ಪದವಿಗೆ ಉಳಿದದ್ದು ಒಟ್ಟು ಮೂರು ಸೊನ್ನೆ.

ಹೀಗಾಗಿ ಸಾಲು ಸಾಲಾಗಿ ಓದಿ ತಿದ್ದದೆ ಗತಿಯಿಲ್ಲ. ಯಾವುದು ಯಂತ್ರದ ತಪ್ಪು, ಯಾವುದು ಅಪ್ಪನದು ಎನ್ನುವುದೇ ದೊಡ್ಡ ಜಿಜ್ಞಾಸೆ. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ಮೇಷ್ಟ್ರಿಗೂ ಕೊಂಚ ಉದಾಸೀನವಿತ್ತು. ಅವನ್ನು ಹಾಗೇ ಬಿಟ್ಟೆ. ತಿದ್ದಿದರೆ ಅಪ್ಪನ ದನಿ ಹೋಗಿ ವ್ಯಾಕರಣ ಪುಸ್ತಕದ ದನಿ ಬರುತ್ತದೆ.

ಅಮ್ಮನೂ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂರುತ್ತಾಳೆ. ಮದುವೆಯಾದ ಹೊಸತರಲ್ಲಿ ಅವಳು ಮಾಡಿದ ಹುಳಿಗೆ ಉಪ್ಪು ಜಾಸ್ತಿಯಾಗಿ, ಬಂದ ನೆಂಟರೆಲ್ಲ ಕೊಡಗಟ್ಟಲೆ ನೀರು ಕುಡಿದ ಪ್ರಸಂಗಕ್ಕೆ ಅಪ್ಪ ಅರ್ಧ ಪುಟ ಕೊಟ್ಟಿದ್ದಾರೆ. ಅಮ್ಮ ನಿಧಾನವಾಗಿ ಓದಿದಳು.

"ಇದು ನಿಮ್ಮಪ್ಪ ಬರೆದದ್ದಲ್ಲ ಕಣೋ. ಕಂಪ್ಯೂಟರಿನ ತಪ್ಪು. ತಿದ್ದು."