ಎಂಟು ತೂತಿನ ಡಬ್ಬಿ

ನಮ್ಮ ಮನೆಯಲ್ಲಿ ದುಬಾರಿ ಸಾಮಾನುಗಳನ್ನು ಬೇಗ ಕೊಂಡುಬಿಡುತ್ತೇವೆ. ಫ್ರಿಜ್ಜು ತಂದಾಗ ಚರ್ಚೆಯಾದದ್ದು ಅದರ ಬಣ್ಣದ ಬಗ್ಗೆ ಮಾತ್ರ. ಸೈಟು ಕೊಂಡಾಗ ಅಷ್ಟೂ ಆಗಲಿಲ್ಲ. ಮೂಲೆ ಸೈಟಲ್ಲವಲ್ಲ ಎಂದು ಅಪ್ಪ ಒಮ್ಮೆ ನಿಟ್ಟುಸಿರು ಬಿಟ್ಟರು, ಅಲ್ಲಿಗೆ ಮುಗಿಯಿತು. ಆದರೆ ಸಾವಿರ, ಸಾವಿರದ ಐನೂರರ ಸಾಮಾನು ಎಂದರೆ ಎಲ್ಲರಿಗೂ ಎಲ್ಲಿಲ್ಲದ ವಿವೇಕ ಬರುತ್ತದೆ. ಲಕ್ಷದ ವ್ಯವಹಾರ ನಮ್ಮ ತಲೆಗೆ ಹತ್ತುವುದಿಲ್ಲ. ಸಾವಿರ ಹತ್ತುತ್ತದೆ, ಆದ್ದರಿಂದ ಅದರ ಬಗ್ಗೆ ಮನೆಮಂದಿಗೆಲ್ಲ ಒಂದೊಂದು ಅಭಿಪ್ರಾಯ. ನೆಟ್‌ವರ್ಕ್ ಸ್ವಿಚ್ಚು ಸರಿಯಾಗಿ ಆ ಬೆಲೆಯ ಪ್ರಾಣಿ.

ಬೇಕಾದದ್ದು ಯಾಕೆಂದರೆ, ಫೈಬರ್‌ನವರು ಕೊಟ್ಟ ರೂಟರ್ ಕೆಳಗಡೆ ಹಾಲಿನಲ್ಲಿ ಟಿವಿ ಪಕ್ಕ ಕೂತಿದೆ. ಅದರ ವೈಫೈ ಅರ್ಧ ಮೆಟ್ಟಿಲು ಹತ್ತಿ, ಆರ್‌ಸಿಸಿ ತಾರಸಿ ನೋಡಿ ಹಿಂದಿರುಗುತ್ತದೆ. ಮಹಡಿ ಮೇಲಿನ ಕೋಣೆಯಿಂದ ಆಫೀಸಿನ ಮೀಟಿಂಗ್ ನಡೆಸುವ ನನ್ನ ಹೆಂಡತಿ, ಪರದೆಯ ಮೇಲೆ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಡುತ್ತಾಳಂತೆ. ಹಾಗೆ ನಿಂತಾಗಲೇ ಮ್ಯಾನೇಜರು ಅವಳ ಮಾತಿಗೆ ಒಪ್ಪುತ್ತಾರೆ ಎಂಬುದು ಬೇರೆ ವಿಷಯ. ಪುಣ್ಯಕ್ಕೆ ಮನೆ ಕಟ್ಟುವಾಗ ಗೋಡೆಯೊಳಗೆ ಕೆಳಗಿನಿಂದ ಮೇಲಕ್ಕೆ ಒಂದು ಲ್ಯಾನ್ ಕೇಬಲ್ ಎಳೆಸಿದ್ದೆವು. ಇದ್ದದ್ದು ಒಂದೇ ತುದಿ, ಕೇಳುವವರು ಹಲವರು. ಆ ಒಂದನ್ನು ಹಲವಾಗಿಸುವ ಡಬ್ಬಿಯೇ ಸ್ವಿಚ್ಚು.

ಸುದ್ದಿ ತಿಳಿದ ಕೂಡಲೇ ಭಾಮೈದ ಫೋನು ಮಾಡಿದ. ಅವನು ಐಟಿಯವನು. "ಭಾವ, ಅಗ್ಗದ್ದಕ್ಕೆ ಮಾತ್ರ ಹೋಗ್ಬೇಡಿ. ಮ್ಯಾನೇಜ್ಡ್ ಸ್ವಿಚ್ಚೇ ತಗೊಳ್ಳಿ. ವಿಲ್ಯಾನ್ ಮಾಡ್ಕೊಬಹುದು." ಒಂದೇ ಡಬ್ಬಿಯೊಳಗೆ ಎರಡೋ ಮೂರೋ ಬೇರೆ ಬೇರೆ ಜಾಲ ಮಾಡಿ, ಇದರವರು ಅದರೊಳಕ್ಕೆ ಹೋಗದ ಹಾಗೆ ತಡೆಯುವುದಕ್ಕೆ ವಿಲ್ಯಾನ್ ಎನ್ನುತ್ತಾರೆ. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅಪ್ಪ ಗಾಬರಿಯಾದರು. "ಯಾರನ್ನೋ ಬೇರೆ ಮಾಡ್ಬೇಕು ಅಂತಿರೋದು?" ಅಲ್ಲಿಗೆ ಮ್ಯಾನೇಜ್ಡ್ ಸ್ವಿಚ್ಚಿನ ಮಾತು ನಿಂತಿತು. ಭಾಮೈದ ಬಿಡುವವನಲ್ಲ, ಹಾಗಾದರೆ ಎರಡೂವರೆ ಗಿಗಾಬಿಟ್ಟಿನದಾದರೂ ಇರಲಿ, ಮುಂದಕ್ಕಾಗುತ್ತದೆ ಎಂದ. ನಮ್ಮ ಮನೆಗೆ ಬರುವ ಇಂಟರ್ನೆಟ್ಟೇ 100 ಎಂಬಿಪಿಎಸ್. ಮುಂದಕ್ಕಾಗಲಿ ಎಂದು ಎರಡು ಸೈಜು ದೊಡ್ಡ ಚಪ್ಪಲಿ ಕೊಡಿಸಿಕೊಂಡು ಬೆಳೆದವನು ನಾನು. ಆ ಮಾತು ಕೇಳಿದರೆ ಈಗಲೂ ಹೆಬ್ಬೆರಳು ನೋಯುತ್ತದೆ.

ಈ ಡಬ್ಬಿ ಒಳಗೆ ಏನು ಮಾಡುತ್ತದೆ ಎಂದು ತಿಳಿದ ಮೇಲೆ ನನಗೆ ಅದರ ಮೇಲೆ ಗೌರವ ಬಂತು. ಹಿಂದೆ ಹಬ್ ಅಂತ ಒಂದಿತ್ತು. ಒಂದು ತೂತಿನಲ್ಲಿ ಬಂದದ್ದನ್ನು ಉಳಿದ ಎಲ್ಲ ತೂತುಗಳಿಗೂ ಅರಚಿ ಹೇಳುವುದಷ್ಟೇ ಅದರ ಕೆಲಸ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದ್ದೂ ಕೆಟ್ಟು, ಒಂದಿಷ್ಟು ಸುಮ್ಮನಿದ್ದು ಮತ್ತೆ ಶುರು ಮಾಡಬೇಕು. ಸ್ವಿಚ್ಚು ಹಾಗಲ್ಲ, ಅದು ನಮ್ಮ ಅಜ್ಜಿಯ ಪೈಕಿ. ಹಾಸನದ ಕಡೆಯ ಹಳೇ ತೊಟ್ಟಿಮನೆಯಲ್ಲಿ ಅಜ್ಜಿ ಅಡುಗೆಮನೆ ಬಿಟ್ಟು ಏಳುತ್ತಿರಲಿಲ್ಲ. ಆದರೂ ಯಾರು ಎಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತು. ಕೆಮ್ಮು ಜಗುಲಿಯಿಂದ ಬಂತೋ, ದೊಡ್ಡಪ್ಪ ಜಗುಲಿಯಲ್ಲಿ. ಸೀನು ಅಟ್ಟದಿಂದ ಬಂತೋ, ಚಿಕ್ಕಪ್ಪ ಅಟ್ಟದಲ್ಲಿ. ಕಾಫಿ ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಸ್ವಿಚ್ಚು ಕಲಿಯುವುದೂ ಹೀಗೆಯೇ. ಪ್ರತಿ ಕಂಪ್ಯೂಟರಿಗೂ, ಪ್ರಿಂಟರಿಗೂ ತಯಾರಾಗುವಾಗಲೇ ಕೊಟ್ಟ 48 ಬಿಟ್ಟಿನ ಒಂದು ಮ್ಯಾಕ್ ವಿಳಾಸ ಇರುತ್ತದಲ್ಲ, ಅದೇ ಕೆಮ್ಮು. ಯಾವ ಕೆಮ್ಮು ಯಾವ ತೂತಿನಿಂದ ಬಂತೆಂದು ಗುರುತಿಟ್ಟುಕೊಂಡು, ಆಮೇಲೆ ಅವರಿಗೆ ಬಂದದ್ದನ್ನು ಅಲ್ಲಿಗೆ ಮಾತ್ರ ಕಳಿಸುತ್ತದೆ. ಸಾಮಾನ್ಯವಾಗಿ 300 ಸೆಕೆಂಡು ದನಿಯೇ ಇಲ್ಲದಿದ್ದರೆ ಆ ಹೆಸರನ್ನು ಮರೆತುಬಿಡುತ್ತದೆ. ಮರೆತವರಿಗೆ ಕಾಫಿ ಬಂದರೆ ಎಲ್ಲ ಕೋಣೆಗೂ ಒಂದೊಂದು ಲೋಟ ಹೋಗುತ್ತದೆ. ಯಾರದ್ದೋ ಅವರು ಕುಡಿಯುತ್ತಾರೆ, ಉಳಿದವರು ಮುಟ್ಟುವುದಿಲ್ಲ. ಅಜ್ಜಿ ಮಾತ್ರ ಯಾರನ್ನೂ ಮರೆಯುತ್ತಿರಲಿಲ್ಲ. ಐದು ನಿಮಿಷ ಸದ್ದಿಲ್ಲದಿದ್ದರೆ ಏನೋ ಕಿತಾಪತಿ ನಡೆಸಿದ್ದಾರೆ ಎಂದು ಹುಡುಕಿಸುತ್ತಿದ್ದರು.

ಈಥರ್ನೆಟ್ಟಿಗಾಗಿ, ಎಂದರೆ ನಮ್ಮ ಲ್ಯಾನ್ ಕೇಬಲಿನಂಥ ಜಾಲಕ್ಕಾಗಿ, ಇಂಥ ಸ್ವಿಚ್ಚನ್ನು ಮೊದಲು ಮಾರುಕಟ್ಟೆಗೆ ತಂದದ್ದು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಂಪನಿ, 1990ರ ಸುಮಾರಿಗೆ. ಕಂಪನಿಯ ಹೆಸರು ಕಲ್ಪನಾ. ಅದನ್ನು ಕಟ್ಟಿದವರಲ್ಲೊಬ್ಬರಾದ ವಿನೋದ್ ಭಾರದ್ವಾಜ್ ತಮ್ಮ ಹೆಂಡತಿಯ ಹೆಸರನ್ನೇ ಇಟ್ಟಿದ್ದರು. 1994ರಲ್ಲಿ ಸಿಸ್ಕೋ ಅದನ್ನು ಕೊಂಡಿತು. ಇದನ್ನು ನಾನು ಉತ್ಸಾಹದಿಂದ ಊಟದ ಹೊತ್ತಿನಲ್ಲಿ ಹೇಳಿದೆ. ಹೇಳಬಾರದಿತ್ತು. "ನಮ್ಮ ಮನೆ ವೈಫೈಗೆ ಯಾರ ಹೆಸರಿಟ್ಟಿದ್ದೀರಿ?" ಎಂದಳು ಹೆಂಡತಿ. ನಮ್ಮ ವೈಫೈ ಹೆಸರು ಫೈಬರ್‌ನವರು ಇಟ್ಟದ್ದು. ಅದರಲ್ಲಿ ಎರಡು ಅಕ್ಷರ, ಒಂದು ಅಡ್ಡಗೆರೆ, ಮಿಕ್ಕದ್ದು ಅಂಕಿ.

ಇನ್ನು ತೂತಿನ ಲೆಕ್ಕ. ಮಹಡಿ ಮೇಲೆ ಹೆಂಡತಿಯ ಲ್ಯಾಪ್‌ಟಾಪು, ಮಗನ ಕಂಪ್ಯೂಟರು, ಪ್ರಿಂಟರು, ಸಿಸಿಟಿವಿಯ ರೆಕಾರ್ಡರು, ಅಲ್ಲಿಗೇ ಬೇರೆಯಾಗಿ ಒಂದು ವೈಫೈ ಡಬ್ಬಿ. ಐದು. ಐದು ಪೋರ್ಟಿನ ಸ್ವಿಚ್ಚು ಸಾಕು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಕೆಳಗಿನಿಂದ ಬರುವ ವೈರಿಗೂ ಒಂದು ತೂತು ಬೇಕಲ್ಲ! ಐದರ ಸ್ವಿಚ್ಚು ಯಾವಾಗಲೂ ನಾಲ್ಕರದ್ದೇ. ಡಬ್ಬಿಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ಆರು ಬೇಕು. ನಮ್ಮಂಥವರು ಕೊಳ್ಳುವ ಸಾಮಾನ್ಯ ಸ್ವಿಚ್ಚಿನಲ್ಲಿ ಐದಾದ ಮೇಲೆ ಎಂಟೇ.

ಬೆಂಗಳೂರಿನಲ್ಲಿ ಇಂಥದ್ದಕ್ಕೆಲ್ಲ ಎಸ್.ಪಿ. ರೋಡು, ಎಂದರೆ ಟೌನ್‌ಹಾಲಿನ ಆಚೆಗಿನ ಸಾದರ್ ಪತ್ರಪ್ಪ ರಸ್ತೆ. ಅಂಗಡಿಯಾತ ಕೌಂಟರಿನ ಮೇಲೆ ಮೂರು ಡಬ್ಬಿ ಸಾಲಾಗಿ ಇಟ್ಟ. ಐದರದ್ದು, 100ರ ವೇಗದ್ದು, ₹500ರ ಆಸುಪಾಸು. ಐದರದ್ದೇ ಗಿಗಾಬಿಟ್ಟಿನದು ₹1000. ಎಂಟರ ಗಿಗಾಬಿಟ್ಟಿನದು ₹1500ರ ಹತ್ತಿರ. ಜೊತೆಗೆ ಬಂದಿದ್ದ ಹೆಂಡತಿ ಸರಿಯಾದ ಪ್ರಶ್ನೆಯನ್ನೇ ಕೇಳಿದಳು: "ಇಂಟರ್ನೆಟ್ಟೇ ನೂರಾದ್ಮೇಲೆ ಸಾವಿರದ್ದು ಯಾಕ್ರೀ?" ಇಂಟರ್ನೆಟ್ಟಿಗಷ್ಟೇ ಆದರೆ ಬೇಡ, ನಿಜ. ಆದರೆ ಅವಳ ತಮ್ಮನ ಮದುವೆಯ ವಿಡಿಯೊ 10 ಜಿಬಿ ಇದೆ. ಮನೆಯೊಳಗೇ ಅದನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾಕಲು ನೂರರಲ್ಲಿ 13 ನಿಮಿಷದ ಮೇಲಾಗುತ್ತದೆ, ಗಿಗಾಬಿಟ್ಟಿನಲ್ಲಿ ಎಲ್ಲ ಸರಿಯಿದ್ದರೆ ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಆ ಮದುವೆಯನ್ನು ಯಾರೂ ಎರಡನೆಯ ಸಲ ನೋಡಿಲ್ಲ ಎಂಬುದನ್ನು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

"ಇದು ನೋಡಿ ಸಾರ್, ಹದಿನಾರು ಗಿಗಾ!" ಎಂದು ಅಂಗಡಿಯಾತ ಡಬ್ಬಿಯ ಮೇಲಿನ ದೊಡ್ಡ ಅಕ್ಷರ ತೋರಿಸಿದ. ಅಪ್ಪ ಬ್ಯಾಂಕಿನಲ್ಲಿ ನಿವೃತ್ತರಾದವರು. ಮನೆಗೆ ಬಂದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಂಟು ಪೋರ್ಟು, ಒಂದೊಂದಕ್ಕೆ ಒಂದೊಂದು ಗಿಗಾ, ಬರುವುದಕ್ಕೊಂದು ಹೋಗುವುದಕ್ಕೊಂದು ಎಂದು ಎರಡರಿಂದ ಗುಣಿಸಿದ್ದು. "ಜಮಾ ಖರ್ಚು ಎರಡನ್ನೂ ಕೂಡಿಸಿ ಇಷ್ಟು ವಹಿವಾಟು ಅಂತ ತೋರಿಸಿದಾನೆ. ನಮ್ಮ ಬ್ರಾಂಚಲ್ಲಿ ಯಾರಾದ್ರೂ ಹೀಗೆ ಬರೆದಿದ್ರೆ ಮೆಮೊ ಕೊಡ್ತಿದ್ದೆ." ನಾಲ್ಕು ಸಾವಿರ ವಿಳಾಸ ನೆನಪಿಡುತ್ತದೆ ಎಂದೂ ಅದರ ಮೇಲಿತ್ತು. ನಮ್ಮ ಮನೆಯಲ್ಲಿ ಮಾತಾಡುವ ಯಂತ್ರಗಳು ಎಲ್ಲ ಸೇರಿ ಹದಿನೈದೂ ಇಲ್ಲ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಯಾವುದೂ ಮನೆಗೆ ಮುಖ್ಯವಲ್ಲ ಎಂಬುದು ನನ್ನ ತೀರ್ಮಾನ. ಅಡಾಪ್ಟರು 5 ವೋಲ್ಟಿನದೋ 12ರದ್ದೋ ಎಂಬುದು ಮುಖ್ಯ. ಕರೆಂಟು ಹೋದಾಗಿನ ಮಿನಿ ಯುಪಿಎಸ್‌ನ 12 ವೋಲ್ಟನ್ನು 5ರದ್ದಕ್ಕೆ ಕೊಟ್ಟರೆ ಅದು ಮತ್ತೆ ಏಳುವುದಿಲ್ಲ. ಅದನ್ನು ಸಾಸಿವೆಯಷ್ಟು ಅಕ್ಷರದಲ್ಲಿ ಬರೆದಿರುತ್ತಾರೆ. ಪ್ರಿಂಟರಿನಂಥ ನಿಧಾನದ್ದೊಂದು ಸೇರಿದರೆ ಎಲ್ಲರೂ ನಿಧಾನವಾಗುತ್ತಾರೇನೋ ಎಂಬ ಅನುಮಾನ ಅಪ್ಪನಿಗಿತ್ತು. ಆಗುವುದಿಲ್ಲ. ಪ್ರತಿ ಪೋರ್ಟೂ ತನ್ನ ಎದುರಿನವರೊಂದಿಗೆ ಮಾತ್ರ ವೇಗದ ಒಪ್ಪಂದ ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ತೂಗಿ ಅಳೆದು ತಂದದ್ದನ್ನು ಹಾಕಿದರೆ, ಕೆಳಗಿನಿಂದ ಬಂದ ವೈರಿನ ತೂತಿನಲ್ಲಿ ಹಸಿರು ದೀಪ ಬರಲೊಲ್ಲದು. ಹಳದಿ. ನಮ್ಮ ಡಬ್ಬಿಯಲ್ಲಿ ಹಳದಿ ಎಂದರೆ ನೂರೇ. ಗೋಡೆಯ ಸಾಕೆಟ್ಟನ್ನು ಬಿಚ್ಚಿದೆ. ಕೇಬಲಿನೊಳಗೆ ಎಂಟು ಎಳೆ. ಹಾಕಿದ್ದು ನಾಲ್ಕು ಮಾತ್ರ, ಕಿತ್ತಳೆಯ ಜೋಡಿ ಮತ್ತು ಹಸಿರಿನ ಜೋಡಿ. ನೀಲಿ ಮತ್ತು ಕಂದನ್ನು ನೀಟಾಗಿ ಕತ್ತರಿಸಿ ಹಿಂದಕ್ಕೆ ಮಡಚಿಟ್ಟಿದ್ದರು. ನೂರರ ವೇಗಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಮನೆ ಕಟ್ಟುವಾಗಿನ ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದರೆ, "ಉಳಿದಿದ್ದು ಟೆಲಿಫೋನಿಗೆ ಬರುತ್ತೆ ಅಂತ ಇಟ್ಟಿದ್ದೆ ಸಾರ್" ಎಂದ. ಮುಂದಕ್ಕಾಗಲಿ ಎಂದು ಯೋಚಿಸಿದವರಲ್ಲಿ ಅವನೂ ಒಬ್ಬ.

ಎರಡೂ ತುದಿಗೆ ಹೊಸ ಕ್ರಿಂಪಿಂಗ್ ಮಾಡಿಸಿದೆವು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟು ಎಳೆಗಳನ್ನು ಬೆರಳಿನಲ್ಲಿ ತೀಡಿ ನೇರ ಮಾಡಿ, ತುದಿ ಸಮನಾಗಿ ಕತ್ತರಿಸಿ, ಸಾಲು ತಪ್ಪದಂತೆ ಆ ಪುಟ್ಟ ಗಾಜಿನಂಥ ಜ್ಯಾಕಿಗೆ ನೂಕುವುದನ್ನು ನೋಡಬೇಕು. ನೂಕುವ ಕ್ಷಣಕ್ಕೆ ಸರಿಯಾಗಿ ಕಂದು ಜಾಗ ಬದಲಾಯಿಸುತ್ತದೆ. ಜ್ಯಾಕುಗಳಿಗೆ ಆದ ಖರ್ಚು ಪಾರ್ಕಿಂಗಿಗೆ ಕೊಟ್ಟದ್ದಕ್ಕಿಂತ ಕಡಿಮೆ. ದೀಪ ಹಸಿರಾಯಿತು.

ಮನೆ ಕೆಲವು ಕಾಲ ಶಾಂತವಾಗಿತ್ತು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತಿತು. ಮೇಲೂ ಇಲ್ಲ, ಕೆಳಗೆ ಅಪ್ಪನ ಸುದ್ದಿ ಚಾನೆಲ್ಲೂ ಇಲ್ಲ. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ, ಉಸಿರು ಬಿಡದೆ ಮಿನುಗುತ್ತಿದ್ದವು. ಹೆಂಡತಿ ಅಂದು ಲ್ಯಾಪ್‌ಟಾಪನ್ನು ಆಫೀಸಿಗೆ ಒಯ್ದಿದ್ದಳು. ಅದರ ವೈರಿನ ಇನ್ನೊಂದು ತುದಿಯೂ ಸ್ವಿಚ್ಚಿನಲ್ಲೇ ಇತ್ತು. "ಕಸ ಗುಡಿಸೋವಾಗ ಕಾಲಿಗೆ ಸಿಗ್ತಿತ್ತು ಕಣೋ. ಪಕ್ಕದಲ್ಲೇ ತೂತು ಖಾಲಿ ಇತ್ತಲ್ಲ, ಸಿಕ್ಕಿಸ್ದೆ" ಎಂದರು ಅಮ್ಮ. ಈಥರ್ನೆಟ್ಟಿನ ಫ್ರೇಮಿಗೆ, ಎಂದರೆ ವೈರಿನಲ್ಲಿ ಓಡುವ ಮಾಹಿತಿಯ ಕಟ್ಟಿಗೆ, ಐಪಿ ಪ್ಯಾಕೆಟ್ಟಿಗಿರುವಂಥ ಆಯುಸ್ಸಿನ ಮಿತಿಯಿಲ್ಲ. ಹೀಗೆ ಸುತ್ತು ಸಿಕ್ಕರೆ, ಎಲ್ಲರಿಗೂ ಎಂದು ಹೊರಟದ್ದು ಸುತ್ತುತ್ತಲೇ ಇರುತ್ತದೆ. ರೇಡಿಯಾ ಪರ್ಲ್‌ಮನ್ ಎಂಬಾಕೆ ಇದಕ್ಕೆ 1985ರಲ್ಲೇ ಸ್ಪ್ಯಾನಿಂಗ್ ಟ್ರೀ ಎಂಬ ಮದ್ದು ಕೊಟ್ಟಿದ್ದಾರೆ. ನಮ್ಮ ಬೆಲೆಯ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಮ್ಯಾನೇಜ್ಡ್‌ನಲ್ಲಿ ಇರುತ್ತದೆ ಎಂದು ತಿಳಿಸಲು ಭಾಮೈದ ಮತ್ತೆ ಫೋನು ಮಾಡಿದ.

ನಾನು ಇನ್ಸುಲೇಷನ್ ಟೇಪು ತಂದು ಖಾಲಿ ಇದ್ದ ಎರಡೂ ತೂತುಗಳನ್ನು ಮುಚ್ಚಿದೆ. ಎಸ್.ಪಿ. ರೋಡಿನಲ್ಲಿ ಸಿಗದ ಆರು ಪೋರ್ಟಿನ ಸ್ವಿಚ್ಚು ಈಗ ನಮ್ಮ ಮನೆಯಲ್ಲಿದೆ.