ಸಿಸ್ಟಂನವರು

ಹಾಜರಿ ಪುಸ್ತಕದಲ್ಲಿ ಅವರಿಗೂ ಒಂದು ಹೆಸರಿದೆ. ಆದರೆ ಸಾಹೇಬರಿಂದ ಹಿಡಿದು ಅಟೆಂಡರ್‌ವರೆಗೆ ಎಲ್ಲರಿಗೂ ಅವರು ‘ಸಿಸ್ಟಂನವರು’. ಕೂರುವುದು ಸರ್ವರ್ ರೂಮಿನಲ್ಲಿ. ಇಡೀ ಕಟ್ಟಡದಲ್ಲಿ ಎ.ಸಿ. ಇರುವುದು ಎರಡೇ ಕೋಣೆಗೆ, ಇನ್ನೊಂದು ಸಾಹೇಬರದು. ಅಷ್ಟಕ್ಕೇ ಅಕೌಂಟ್ಸ್ ಸೆಕ್ಷನ್ನಿಗೆ ಅವರ ಮೇಲೆ ಹೊಟ್ಟೆಕಿಚ್ಚು. ‘ಎ.ಸಿ. ಸರ್ವರಿಗೆ ಸ್ವಾಮಿ, ನನಗಲ್ಲ’ ಎಂದು ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಹೇಳಿದರೆ ಯಾರು ನಂಬುತ್ತಾರೆ?

ಮನುಷ್ಯರನ್ನು ಅವರು ಅಳೆಯುವುದು ಎಂಬಿ, ಜಿಬಿ ಲೆಕ್ಕದಲ್ಲಿ. ‘ಎಸ್ಟಾಬ್ಲಿಷ್‌ಮೆಂಟ್ ಮೇಡಮ್ಮಾ? ತುಂಬಾ ಒಳ್ಳೆಯವರು. 150 ಎಂಬಿ ದಾಟಿದ್ದೇ ಇಲ್ಲ.’ ಸೂಪರಿಂಟೆಂಡೆಂಟರ ಬಗ್ಗೆ ಕೇಳಿದರೆ ಮಾತಿಲ್ಲ, ನಿಟ್ಟುಸಿರು. ಸೂಪರಿಂಟೆಂಡೆಂಟರದು 9 ಜಿಬಿ.

ಯಾಕೆ ನಿಟ್ಟುಸಿರೆಂದರೆ, ನಮ್ಮಲ್ಲಿರುವುದು ರೋಮಿಂಗ್ ಪ್ರೊಫೈಲ್. ಯಾವ ಮೇಜಿನಲ್ಲಿ ಲಾಗಿನ್ ಆದರೂ ನಿಮ್ಮ ಡೆಸ್ಕ್‌ಟಾಪು, ಅದರ ಮೇಲಿನ ಫೈಲುಗಳು, ತಿರುಪತಿ ತಿಮ್ಮಪ್ಪನ ವಾಲ್‌ಪೇಪರು ಎಲ್ಲ ಸರ್ವರಿನಿಂದ ಇಳಿದು ಬರುತ್ತವೆ. ಲಾಗಾಫ್ ಆಗುವಾಗ ಬದಲಾದದ್ದೆಲ್ಲ ಮತ್ತೆ ಸರ್ವರಿಗೆ ಹೋಗುತ್ತದೆ. ಒಂದು ದಿನದ ಡೆಪ್ಯುಟೇಷನ್ನಿಗೆ ಮನೆ ಸಾಮಾನೆಲ್ಲ ಲಾರಿಗೆ ಹೇರಿಕೊಂಡು ಹೊರಟ ಹಾಗೆ. 100 ಎಂಬಿಪಿಎಸ್ ಕೇಬಲ್ಲಿನಲ್ಲಿ 9 ಜಿಬಿ ಬರಲು ಕಾಗದದ ಲೆಕ್ಕದಲ್ಲೇ 12 ನಿಮಿಷ. ಸೂಪರಿಂಟೆಂಡೆಂಟರು ಹೊಸ ಸೀಟಿನಲ್ಲಿ ಕೂತ ದಿನ ಪಾಸ್‌ವರ್ಡ್ ಒತ್ತಿ, ಕ್ಯಾಂಟೀನಿಗೆ ಹೋಗಿ, ಎರಡು ಇಡ್ಲಿ ಒಂದು ವಡೆ ಮುಗಿಸಿ ಬಂದರೂ ಪರದೆ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ.

‘ಏನ್ರೀ ನಿಮ್ಮ ನೆಟ್‌ವರ್ಕು, ಇಷ್ಟು ಸ್ಲೋ!’

‘ನೆಟ್‌ವರ್ಕ್ ಅಲ್ಲ ಸಾರ್. ನಿಮ್ಮ ಡೆಸ್ಕ್‌ಟಾಪಲ್ಲಿ ಮಗಳ ಮದುವೆ ವಿಡಿಯೋ ಇದೆ.’

‘ಅದೇನು ಊಟ ಕೇಳುತ್ತೇನ್ರೀ? ಅದರ ಪಾಡಿಗೆ ಇರ್ಲಿ ಬಿಡಿ.’

ಅದು ಅದರ ಪಾಡಿಗೆ ಇರುವುದಿಲ್ಲ, ಇವರ ಹಿಂದೆಯೇ ಮೇಜಿನಿಂದ ಮೇಜಿಗೆ ತಿರುಗುತ್ತದೆ ಎಂಬುದನ್ನು ಈವರೆಗೆ ಯಾವ ಸೂಪರಿಂಟೆಂಡೆಂಟರಿಗೂ ತಿಳಿಹೇಳಲು ಆಗಿಲ್ಲ. ಡೆಸ್ಕ್‌ಟಾಪ್ ಫೋಲ್ಡರನ್ನೇ ಸರ್ವರಿನಲ್ಲಿಟ್ಟು, ಇಲ್ಲಿಂದ ಬರೀ ದಾರಿ ತೋರಿಸುವ ಫೋಲ್ಡರ್ ರಿಡೈರೆಕ್ಷನ್ ವಿಂಡೋಸ್ 2000 ಜೊತೆಗೇ ಬಂದಿದೆ. ಅದಕ್ಕೆ ಬೇಕಾದ ಹಾರ್ಡ್‌ಡಿಸ್ಕಿನ ಖರೀದಿ ಟಿಪ್ಪಣಿ ಸಾಹೇಬರ ಮೇಜಿನ ಮೇಲಿದೆ. ‘ಚರ್ಚಿಸಿ’ ಎಂದು ಬರೆದಿದ್ದಾರೆ. ಯಾರು ಯಾರೊಂದಿಗೆ ಎಂದು ಬರೆದಿಲ್ಲ.

ಪ್ರೊಫೈಲಿನ ಜೊತೆ ಎಲ್ಲವೂ ಬರುತ್ತದೆಯೇ ಎಂದರೆ ಅದೂ ಇಲ್ಲ. ಮದುವೆ ವಿಡಿಯೋ ಬರುತ್ತದೆ, ಕನ್ನಡ ಬರುವುದಿಲ್ಲ. ‘ನುಡಿ’ಯ ಹಳೇ ಫಾಂಟು ಕೂತಿರುವುದು ಆಯಾ ಕಂಪ್ಯೂಟರಿನಲ್ಲಿ. ಅದಿಲ್ಲದ ಮೇಜಿನಲ್ಲಿ ಸುತ್ತೋಲೆ ತೆರೆದರೆ ತಲೆ ಮೇಲೆ ಟೋಪಿ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಾಲು. ‘ವೈರಸ್ಸು!’ ಎಂಬ ಕೂಗು ಕೇಳಿದರೆ ಸಿಸ್ಟಂನವರು ಓಡುವುದಿಲ್ಲ. ಫಾಂಟಿನ ಪೆನ್‌ಡ್ರೈವ್ ಹಿಡಿದು ನಡೆದೇ ಹೋಗುತ್ತಾರೆ.

ಅವರ ಸುವರ್ಣಯುಗ ಎಕ್ಸ್‌ಪಿ ಕಾಲ. ಆಗ ಪ್ರೊಫೈಲಿಗೆ ಮಿತಿ ಹಾಕಿದರೆ, ಮಿತಿ ಮೀರಿದವರನ್ನು ವಿಂಡೋಸು ಲಾಗಾಫ್ ಆಗಲೇ ಬಿಡುತ್ತಿರಲಿಲ್ಲ. ಐದೂವರೆಗೆ ಇಡೀ ಸೆಕ್ಷನ್ನು ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಬಸ್ ಹೋಗುತ್ತೆ ಅಂತ ಗೊಣಗುತ್ತ, ಒಂದೊಂದೇ ಹಾಡು ಡಿಲೀಟ್ ಮಾಡುತ್ತ ನಿಂತಿರುತ್ತಿದ್ದ ಆ ದೃಶ್ಯವನ್ನು ಅವರು ಇಂದಿಗೂ ಕಣ್ಣರಳಿಸಿ ವರ್ಣಿಸುತ್ತಾರೆ. ವಿಸ್ತಾದಿಂದೀಚೆಗೆ ನಿಯಮ ಸಡಿಲವಾಯಿತು: ಮನೆಗೆ ಬಿಡುತ್ತದೆ, ಸರ್ವರಿಗೆ ಕಾಪಿ ಮಾಡುವುದಿಲ್ಲ, ಅಷ್ಟೆ. ‘ಶಿಸ್ತು ಹೋಯ್ತು’ ಎನ್ನುತ್ತಾರೆ ಸಿಸ್ಟಂನವರು.

ಮಿತಿಯೊಳಗಿದ್ದರೂ ಕಾಪಿ ಮುಗಿಯುವ ತನಕ ಕಾಯುವ ತಾಳ್ಮೆ ಯಾರಿಗಿದೆ? ಸ್ವಿಚ್ ಕಿತ್ತು ಹೊರಡುತ್ತಾರೆ. ಹಾಗೆ ಕಿತ್ತವರ ಪ್ರೊಫೈಲು ಒಂದಲ್ಲ ಒಂದು ದಿನ ಕೆಡುತ್ತದೆ. ಮರುದಿನ ಹತ್ತಕ್ಕೆ ಫೋನು:

‘ಸಾರ್, ನಂದೆಲ್ಲಾ ಹೋಯ್ತು! ತಿಮ್ಮಪ್ಪನೂ ಇಲ್ಲ!’

‘ಏನೂ ಹೋಗಿಲ್ಲ ಮೇಡಂ, ಟೆಂಪರರಿ ಪ್ರೊಫೈಲಲ್ಲಿದ್ದೀರ. ಏನನ್ನೂ ಸೇವ್ ಮಾಡ್ಬೇಡಿ, ಲಾಗಾಫ್ ಆದ್ರೆ ಅಳಿಸಿಹೋಗುತ್ತೆ.’

‘ಬೆಳಗ್ಗಿಂದ ಪೇ ಬಿಲ್ ಮಾಡ್ತಿದ್ದೀನಲ್ಲ!’

ಆಗ ಮಾತ್ರ ಓಡುತ್ತಾರೆ. ರಿಜಿಸ್ಟ್ರಿ ತೆರೆದು, ಪ್ರೊಫೈಲ್‌ಲಿಸ್ಟ್ ಎಂಬ ಕಡೆ ಬಾಲಕ್ಕೆ ‘.ಬ್ಯಾಕ್’ ಅಂಟಿಸಿಕೊಂಡು ಕೂತ ಸಾಲನ್ನು ಸರಿಪಡಿಸುತ್ತಾರೆ. ತಿಮ್ಮಪ್ಪ ಪ್ರತ್ಯಕ್ಷ. ಮೇಡಂ ಕೈಮುಗಿಯುತ್ತಾರೆ, ಪರದೆಗೆ.

ಅವರಿಗೆ ನಿಜವಾಗಿ ಮೆಚ್ಚಿಗೆಯಾದದ್ದು ಟಪಾಲು ಕೌಂಟರಿನ ಕಂಪ್ಯೂಟರೊಂದೇ. ಅಲ್ಲಿ ಮ್ಯಾಂಡೇಟರಿ ಪ್ರೊಫೈಲ್ ಹಾಕಿದ್ದಾರೆ. ಏನೇ ಬದಲಾಯಿಸಿದರೂ ಲಾಗಾಫ್ ಆದೊಡನೆ ಮೊದಲಿನಂತೆ. ಟಪಾಲಿನ ಹುಡುಗ ದಿನಾ ಬೆಳಗ್ಗೆ ಅಣ್ಣಾವ್ರ ಫೋಟೋ ಹಾಕುತ್ತಾನೆ, ದಿನಾ ಸಂಜೆ ಹೋಗುತ್ತದೆ. ಇಬ್ಬರೂ ಸೋತಿಲ್ಲ.

ಮೊನ್ನೆ ಸೂಪರಿಂಟೆಂಡೆಂಟರ ನಿವೃತ್ತಿ ಸಮಾರಂಭ. ಹಾರ, ಪೇಟ, ಫಲತಾಂಬೂಲ. ಎಲ್ಲರೂ ಅಜಾತಶತ್ರು ಎಂದರು, ತುಂಬಲಾರದ ನಷ್ಟ ಎಂದರು. ಸಿಸ್ಟಂನವರನ್ನೂ ಎರಡು ಮಾತಾಡಿ ಎಂದು ಎಬ್ಬಿಸಿದರು.

‘ನಾಳೆಯಿಂದ ಸಾರ್ ಅಕೌಂಟ್ ಡಿಸೇಬಲ್ ಮಾಡ್ತೀನಿ. ಡಿಲೀಟ್ ಮೂರು ತಿಂಗಳಾದ್ಮೇಲೆ’ ಎಂದು ಕೂತರು.

ಸೂಪರಿಂಟೆಂಡೆಂಟರು ಪೇಟ ಸರಿಮಾಡಿಕೊಂಡು ಹತ್ತಿರ ಬಂದರು. ‘ಮದುವೆ ವಿಡಿಯೋ ಪೆನ್‌ಡ್ರೈವಿಗೆ ಹಾಕಿಕೊಡ್ರೀ.’

‘ಯಾವುದು ಸಾರ್? ನ್ಯೂ ಫೋಲ್ಡರಲ್ಲಿ ಒಂದಿದೆ, ನ್ಯೂ ಫೋಲ್ಡರ್ ಎರಡರಲ್ಲಿ ಒಂದಿದೆ, ನ್ಯೂ ಫೋಲ್ಡರ್ ಎರಡರ ಕಾಪಿಯಲ್ಲೂ ಒಂದಿದೆ.’

‘ಮೂರೂ ಹಾಕಿ. ಯಾವುದರಲ್ಲಿ ಧಾರೆ ಇದೆಯೋ!’