ಹಾಸಿಗೆ ಇದ್ದಷ್ಟು ಸಂಬಳ

ನರ್ಸಿಂಗ್ ಸ್ಕೂಲಿಗೆ ಸೇರಿದ ಹೊಸತರಲ್ಲಿ ಹಾಸಿಗೆ ಹಾಸಿದ್ದೇ ಹಾಸಿದ್ದು. ಕ್ಲೋಸ್ಡ್ ಬೆಡ್ಡು, ಓಪನ್ ಬೆಡ್ಡು, ಆಪರೇಷನ್ ಬೆಡ್ಡು, ಫ್ರಾಕ್ಚರ್ ಬೆಡ್ಡು, ಹೃದಯದ ಕಾಯಿಲೆಯವರಿಗೆ ಕಾರ್ಡಿಯಾಕ್ ಬೆಡ್ಡು. ಬೆಡ್‌ಶೀಟಿನ ಮೂಲೆಯನ್ನು ಲಕೋಟೆಯ ಹಾಗೆ ಮಡಿಸಿ ಒಳಗೆ ಸಿಕ್ಕಿಸಬೇಕು. ಮೇಡಂ ಕಣ್ಣಿಗೆ ಒಂದು ಸುಕ್ಕು ಬಿದ್ದರೂ ಸಾಕು, ಇಡೀ ಶೀಟು ಎಳೆದು ನೆಲಕ್ಕೆ ಹಾಕುತ್ತಿದ್ದರು. ಅಷ್ಟೆಲ್ಲ ನಾಜೂಕಿನ ಹಾಸಿಗೆಯ ಮೇಲೆ ಮಲಗಲು ರೋಗಿ ಮಾತ್ರ ಇರಲಿಲ್ಲ. ಇದ್ದದ್ದು ಒಂದು ಪ್ಲಾಸ್ಟಿಕ್ ಗೊಂಬೆ. ಅದರ ಬಲಗೈಯನ್ನು ಹಿಂದಿನ ಯಾವುದೋ ಬ್ಯಾಚಿನವರು ಕಿತ್ತಿದ್ದರು. ಹಾಗಾಗಿ ನಮ್ಮ ಬ್ಯಾಚಿನವರೆಲ್ಲ ಎಡಗೈಗೆ ಬಿ.ಪಿ. ನೋಡುವುದರಲ್ಲಿ ನಿಸ್ಸೀಮರು.

"ಅಷ್ಟು ಫೀಸು ಕಟ್ಟಿ ಹಾಸಿಗೆ ಹಾಸೋದು ಕಲಿಯೋಕೆ ಬೆಂಗ್ಳೂರಿಗೇ ಹೋಗ್ಬೇಕಿತ್ತಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಹಾಸನದಿಂದ ನನ್ನನ್ನು ಕರೆತಂದು ಸೇರಿಸಿದ ಏಜೆಂಟ್ ಅಣ್ಣ ಅಷ್ಟರಲ್ಲಿ ನಂಬರ್ ಬದಲಾಯಿಸಿದ್ದ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಆಗ ಮೂರೂವರೆ ವರ್ಷದ ಕೋರ್ಸು. ಕೆಳಗೆ ಗ್ರಾನೈಟ್ ಅಂಗಡಿ, ಮೇಲೆ ನಮ್ಮ ಸ್ಕೂಲು, ಅದರ ಮೇಲೆ ಹಾಸ್ಟೆಲು. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಲಯಾಳಿ ಹುಡುಗಿಯರು. ನಮಗೆ ವಿಕ್ಟೋರಿಯಾ ಆಸ್ಪತ್ರೆಗೆ ಯಾವ ಬಸ್ಸು ಅಂತ ಗೊತ್ತಿಲ್ಲದ ಕಾಲದಲ್ಲಿ ಅವರು ಡಬ್ಲಿನ್ನಿನ ಮನೆ ಬಾಡಿಗೆ ಲೆಕ್ಕ ಹಾಕುತ್ತಿದ್ದರು. ಅನಾಟಮಿಗಿಂತ ಮೊದಲು ನನಗೆ ಮಲಯಾಳಂ ಬಂತು.

ಎರಡನೇ ವರ್ಷ ಇನ್‌ಸ್ಪೆಕ್ಷನ್ ಬಂತು. ನರ್ಸಿಂಗ್ ಸ್ಕೂಲಿಗೆ ಸ್ವಂತ ಆಸ್ಪತ್ರೆ ಇರಬೇಕು, ಆಸ್ಪತ್ರೆಯಲ್ಲಿ ಇಂತಿಷ್ಟು ಹಾಸಿಗೆ ಇರಬೇಕು, ಹಾಸಿಗೆಯ ಮೇಲೆ ರೋಗಿ ಇರಬೇಕು. ಈ ಮೂರೂ ನಿಯಮಗಳನ್ನು ನಮ್ಮ ಮ್ಯಾನೇಜ್‌ಮೆಂಟು ಒಂದೇ ರಾತ್ರಿಯಲ್ಲಿ ಪೂರೈಸಿತು. ಮಂಚಗಳನ್ನು ಶಾಮಿಯಾನದವನು ತಂದ. ಹಾಸಿಗೆ ನಮ್ಮ ಹಾಸ್ಟೆಲಿನವೇ. ಬೆಳಗ್ಗೆ ಮಾಗಡಿ ಕಡೆಯಿಂದ ಎರಡು ಟೆಂಪೋ ತುಂಬ ರೋಗಿಗಳು ಬಂದಿಳಿದರು, ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿಕೊಂಡು. ದಿನಗೂಲಿ, ಮಧ್ಯಾಹ್ನಕ್ಕೆ ಬಿರಿಯಾನಿ, ತಿನ್ನದವರಿಗೆ ಪಲಾವ್. ಕೇಸ್‌ಶೀಟುಗಳನ್ನು ಹಿಂದಿನ ರಾತ್ರಿಯೇ ಬರೆದು ಮಂಚಕ್ಕೆ ತೂಗುಹಾಕಿದ್ದೆವು. ಯಾರು ಯಾವ ಮಂಚಕ್ಕೆ ಮೊದಲು ಓಡಿ ಮಲಗಿದರೋ ಅವರಿಗೆ ಆ ಕಾಯಿಲೆ. ಮೀಸೆಯ ಯಜಮಾನರೊಬ್ಬರಿಗೆ ಗರ್ಭಕೋಶ ಜಾರಿದ್ದು ಕಡೇ ಗಳಿಗೆಯಲ್ಲಿ ಗೊತ್ತಾಗಿ, ಎಬ್ಬಿಸಿ ಪಕ್ಕದ ವಾರ್ಡಿಗೆ ಓಡಿಸಿದೆವು.

ತಂಡದ ಹಿರಿಯ ಮೇಡಂ ನನ್ನ ಪಾಲಿನ ಅಜ್ಜಿಯ ಹತ್ತಿರ ನಿಂತು, "ಏನಜ್ಜಿ ತೊಂದರೆ?" ಎಂದರು. ಅಜ್ಜಿ ನನ್ನ ಕಡೆ ಕೈ ತೋರಿಸಿ, "ಅದೇನ್ ಬರ್ಕಂಡೈತೋ ಈ ಮಗೀನೇ ಕೇಳ್ರವ್ವ" ಎಂದಿತು. ಮೇಡಂ ನಗಲಿಲ್ಲ, ರಿಜಿಸ್ಟರಿನಲ್ಲಿ ಟಿಕ್ ಹಾಕಿ ಮುಂದೆ ಹೋದರು. ತೋರಿಕೆಗೆ ನಾನು ಅಜ್ಜಿಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದೆ. ಎಡಗೈಗೇ. ಪಾದರಸ 190ರ ಹತ್ತಿರ ನಿಂತಿತು. ಮತ್ತೆ ನೋಡಿದೆ, ಅಷ್ಟೇ. ಓಡಿ ಹೋಗಿ ನಮ್ಮ ಟ್ಯೂಟರಿಗೆ ಹೇಳಿದೆ.

"ಕೇಸ್‌ಶೀಟಲ್ಲಿ ಏನಿದೆ?"

"ಹರ್ನಿಯಾ, ಮೇಡಂ."

"ಹಾಗಾದ್ರೆ ಹರ್ನಿಯಾ ನೋಡು."

ನಾಲ್ಕಕ್ಕೆ ತಂಡ ಕಾರು ಹತ್ತಿತು. ನಾಲ್ಕೂಕಾಲಿಗೆ ಇಡೀ ಆಸ್ಪತ್ರೆ ಡಿಸ್ಚಾರ್ಜ್. ಜಗತ್ತಿನ ಯಾವ ದೊಡ್ಡ ಆಸ್ಪತ್ರೆಯೂ ಇಷ್ಟು ಬೇಗ, ಇಷ್ಟು ಜನರನ್ನು ಗುಣಪಡಿಸಿರಲಾರದು. ನಿಜವಾದ ರೋಗಿ ಅಂತ ಅವತ್ತು ಅಲ್ಲಿ ಇದ್ದದ್ದು ಅಜ್ಜಿ ಒಬ್ಬಳೇ. ಟೆಂಪೋ ಹತ್ತುವಾಗ, "ನಾಳೇನೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಿ.ಪಿ. ತೋರಿಸಜ್ಜಿ" ಎಂದೆ. "ಆಯ್ತವ್ವ, ಬರೋ ವರ್ಸನೂ ಕರೀರಿ" ಎಂದು ಹರಸಿ ಹೋಯಿತು.

ಹೆರಿಗೆಯ ಪಾಠವೂ ಇದೇ ಲೆಕ್ಕದಲ್ಲಿ ನಡೆಯಿತು. ಇಷ್ಟು ಹೆರಿಗೆ ನೋಡಿರಬೇಕು, ಇಷ್ಟು ಮಾಡಿಸಿರಬೇಕು ಎಂದು ಕೇಸ್‌ಬುಕ್ಕಿನಲ್ಲಿ ಖಾಲಿ ಜಾಗಗಳಿದ್ದವು. ಲೇಬರ್ ರೂಮಿನಲ್ಲಿ ಒಬ್ಬಳು ತಾಯಿ, ಸುತ್ತ ನಾವು ಹನ್ನೊಂದು ಜನ. ನಮ್ಮ ಕೇಸ್‌ಬುಕ್ಕುಗಳನ್ನೆಲ್ಲ ಒಟ್ಟಿಗಿಟ್ಟು ಓದಿದವರಿಗೆ ಆ ತಾಯಿ ಒಂದೇ ಮಧ್ಯಾಹ್ನ ಹನ್ನೊಂದು ಹೆತ್ತಂತೆ ಕಾಣುತ್ತದೆ, ಹನ್ನೊಂದೂ ಗಂಡು, ಹನ್ನೊಂದೂ ಮೂರು ಕೆ.ಜಿ. ನಿಮ್ಹಾನ್ಸ್‌ಗೆ ಪೋಸ್ಟಿಂಗ್ ಹಾಕಿದಾಗ ಮಾತ್ರ ನರ್ಸ್ ಅಂದರೆ ಏನು ಎಂದು ಕಣ್ಣಾರೆ ಕಂಡೆ. ಅಲ್ಲಿನ ಹಿರಿಯ ಸಿಸ್ಟರೊಬ್ಬರು, ಕಿರುಚಾಡುತ್ತಿದ್ದ ಹುಡುಗನ ಪಕ್ಕ ಸುಮ್ಮನೆ ಕೂತು, ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮಾತ್ರೆ ನುಂಗಿಸಿ ಎದ್ದುಬಂದರು. ಅವರ ವಾರ್ಡಿನಲ್ಲಿ ಬೆಡ್‌ಶೀಟು ಸುಕ್ಕಾಗಿತ್ತು.

ದೀಪ ಬೆಳಗುವ ದಿನದ ಫೋಟೋ ಈಗಲೂ ನಮ್ಮ ಮನೆ ಗೋಡೆಯ ಮೇಲಿದೆ. ಬಿಳಿ ಕ್ಯಾಪು, ಕೈಯಲ್ಲಿ ದೀಪ, ಬಾಯಲ್ಲಿ ನೈಟಿಂಗೇಲ್ ಪ್ರತಿಜ್ಞೆ. ಆ ಪ್ರತಿಜ್ಞೆ ಬರೆದವರು ಫ್ಲಾರೆನ್ಸ್ ನೈಟಿಂಗೇಲ್ ಅಲ್ಲವೇ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಎಂಬಾಕೆಯ ಮುಂದಾಳತ್ವದಲ್ಲಿ ಬರೆದದ್ದು. ವೈದ್ಯರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಮಾತು ಅದರಲ್ಲಿದೆ. ಆಸ್ಪತ್ರೆಯ ಯಜಮಾನರಿಗೆ ಬಾಯಿಪಾಠ ಇರುವುದು ಅದೊಂದೇ. ನಿಜವಾದ ನೈಟಿಂಗೇಲ್ 1854ರಲ್ಲಿ 38 ಜನ ನರ್ಸುಗಳೊಂದಿಗೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಗೆ ಹೋದವಳು. ಸೈನಿಕರು ಗುಂಡಿಗಿಂತ ಹೆಚ್ಚಾಗಿ ಕೊಳಕಿಗೆ, ಕಾಯಿಲೆಗೆ ಸಾಯುತ್ತಿದ್ದಾರೆ ಎಂದು ಅಂಕಿಅಂಶ ಹಾಕಿ, ಚಿತ್ರ ಬರೆದು, ಸರ್ಕಾರದ ಮುಖಕ್ಕೆ ಹಿಡಿದಳು. ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಸದಸ್ಯೆಯಾಗಿ ಸೇರಿಸಿಕೊಂಡ ಮೊದಲ ಹೆಂಗಸು ಆಕೆ. ಆಕೆಯ ಕೈಯಲ್ಲಿದ್ದ ದೀಪವನ್ನು ನಮಗೆ ಕೊಟ್ಟರು. ಲೆಕ್ಕದ ಪುಸ್ತಕ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಉಳಿಯಿತು.

ಲೆಕ್ಕ ಯಾಕೆ ಬೇಕಿತ್ತು ಅಂತ ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಈಗಿರುವ ಆಸ್ಪತ್ರೆಗೆ ಸೇರುವಾಗ ಬಾಂಡಿಗೆ ಸಹಿ ಹಾಕಿಸಿಕೊಂಡರು, ಒರಿಜಿನಲ್ ಮಾರ್ಕ್ಸ್‌ಕಾರ್ಡು, ಸರ್ಟಿಫಿಕೇಟು ಇಸ್ಕೊಂಡರು. "ಸೇಫ್ ಆಗಿರುತ್ತೆ ಸಿಸ್ಟರ್, ನಿಮ್ಮ ಪಿ.ಜಿ.ಯಲ್ಲಿ ಕಳ್ಳತನ ಜಾಸ್ತಿ" ಎಂದರು ಎಚ್.ಆರ್. ಹುಡುಗ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳದ ಬಗ್ಗೆ ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಸಮಿತಿ ಬಂತು, ಶಿಫಾರಸೂ ಬಂತು. 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ. 100ಕ್ಕಿಂತ ಹೆಚ್ಚಿದ್ದರೆ ಆ ಸಂಬಳಕ್ಕಿಂತ ಕಡಿತ ಶೇಕಡಾ ಹತ್ತನ್ನು ಮೀರಬಾರದು. 50ರಿಂದ 100 ಆದರೆ ಶೇಕಡಾ ಇಪ್ಪತ್ತೈದನ್ನು. ಐವತ್ತಕ್ಕೂ ಕಡಿಮೆಯಾದರೆ ಕನಿಷ್ಠ 20,000 ರೂಪಾಯಿ.

ಹಾಸಿಗೆ ಹಾಸುವುದನ್ನು ಯಾಕೆ ಅಷ್ಟು ಕಟ್ಟುನಿಟ್ಟಾಗಿ ಕಲಿಸಿದ್ದರೆಂದು ಅವತ್ತು ಅರ್ಥವಾಯಿತು. ನಮ್ಮ ಆಸ್ಪತ್ರೆಯ ಹೋರ್ಡಿಂಗಿನಲ್ಲಿ ಇನ್ನೂರೈವತ್ತು ಹಾಸಿಗೆ. ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಇರಬೇಕು. ನಾವು ನಾಲ್ಕು ಜನ ಶಿಫಾರಸಿನ ಪ್ರಿಂಟೌಟ್ ಹಿಡಿದು ಆಡಳಿತಾಧಿಕಾರಿಗಳ ರೂಮಿಗೆ ಹೋದಾಗ ಮಾತ್ರ ಹಾಸಿಗೆಗಳು ಕುಗ್ಗತೊಡಗಿದವು. ಡೇ ಕೇರ್ ಹಾಸಿಗೆ ಹಾಸಿಗೆಯಲ್ಲ. ಎಮರ್ಜೆನ್ಸಿಯದ್ದು ಟ್ರಾಲಿ. ಡಯಾಲಿಸಿಸ್‌ನದ್ದು ಕುರ್ಚಿ ಲೆಕ್ಕ. ಮೂರನೇ ಮಹಡಿ ಬೇರೆ ಕಂಪನಿಯ ಹೆಸರಿನಲ್ಲಿದೆ. ಕಾಫಿ ಮುಗಿಯುವಷ್ಟರಲ್ಲಿ ನಾವು ನಲವತ್ತೊಂಬತ್ತು ಹಾಸಿಗೆಯ ಪುಟ್ಟ ನರ್ಸಿಂಗ್ ಹೋಮ್ ಆಗಿದ್ದೆವು. "ಹಾಗಾದ್ರೆ ಇಪ್ಪತ್ತು ಸಾವಿರ ಕೊಡಿ ಸರ್" ಎಂದೆ. ಅದು ಶಿಫಾರಸು ಮಾತ್ರವಂತೆ, ಕಾನೂನಲ್ಲವಂತೆ. "ನೀವು ಸೇವೆಗೆ ಬಂದವರು, ಹೀಗೆ ದುಡ್ಡಿನ ಮಾತಾಡಿದ್ರೆ ಹೇಗೆ ಸಿಸ್ಟರ್?" ಎಂದು ನೊಂದುಕೊಂಡರು. ಅವರೂ ಸೇವೆಗೇ ಬಂದವರಿರಬೇಕು. ಸಂಬಳ ಎಷ್ಟೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಹಾಸಿಗೆ ಕುಗ್ಗಿದರೂ ರೋಗಿಗಳು ಕುಗ್ಗುವುದಿಲ್ಲ ಎಂಬುದೊಂದು ತೊಡಕು. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಎನ್ನುತ್ತದೆ ನರ್ಸಿಂಗ್ ಕೌನ್ಸಿಲ್. ನೈಟ್ ಡ್ಯೂಟಿಯಲ್ಲಿ ವಾರ್ಡು ಪೂರ್ತಿಗೆ ನಾನು, ಒಬ್ಬಳು ಟ್ರೈನಿ ಹುಡುಗಿ, ನಿದ್ದೆಗಣ್ಣಿನ ಆಯಾ. ಎರಡನೇ ಬೆಡ್ಡಿನ ಡ್ರಿಪ್ ಖಾಲಿ, ಒಂಬತ್ತರವರ ವೆನ್‌ಫ್ಲಾನ್ ಸೂಜಿ ಹಾಕಿದ ಕೈ ಊದಿದೆ, ಹದಿನಾಲ್ಕರ ತಾತ ಕ್ಯಾತಿಟರ್ ಎಳೆದುಕೊಂಡಿದ್ದಾರೆ, ಹದಿನೇಳರ ಕಡೆಯವರು ವೈಫೈ ಪಾಸ್‌ವರ್ಡ್ ಕೇಳುತ್ತಿದ್ದಾರೆ. ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ತಾತನನ್ನು ನೋಡಿ, "ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ರಾ?" ಎಂದು ಕೇಳಿ ವಿಸಿಟಿಂಗ್ ಚಾರ್ಜು ಬರೆಸಿ ಹೋದರು.

ಈ ನೈಟ್ ಡ್ಯೂಟಿ ದೆಸೆಯಿಂದಲೇ ನನಗೊಂದು ಸಂಬಂಧ ತಪ್ಪಿತು. ಹುಡುಗನ ತಾಯಿ ಉಪ್ಪಿಟ್ಟು ತಿಂದು ಮುಗಿಸಿ, "ನೈಟ್ ಅಂದ್ರೆ ರಾತ್ರಿ ಪೂರ್ತಿ ಅಲ್ಲೇ ಇರ್ಬೇಕಾ?" ಎಂದರು. ಬೇಡವೆಂದು ಹೇಳಿ ಕಳಿಸಿದರು. ಅದಾಗಿ ಎಷ್ಟೋ ವರ್ಷಕ್ಕೆ ಅದೇ ಮನೆಯಿಂದ ರಾತ್ರಿ ಎರಡು ಗಂಟೆಗೆ ಫೋನು: ಯಜಮಾನರಿಗೆ ಎದೆನೋವು, ನಿಮ್ಮಲ್ಲಿ ಐಸಿಯು ಬೆಡ್ ಕೊಡಿಸ್ತೀಯಾ ತಾಯಿ? ಕೊಡಿಸಿದೆ. ಅವತ್ತು ನನ್ನದು ನೈಟೇ ಇತ್ತು.

ಆಮೇಲೆ ಕೊರೊನಾ ಬಂತು. 2020ರ ಮಾರ್ಚ್ 22ರ ಸಂಜೆ ಐದಕ್ಕೆ ನಮ್ಮ ಮನೆ ಓನರ್ ಆಂಟಿ ಬಾಲ್ಕನಿಯಲ್ಲಿ ನಮ್ಮಂಥವರ ಗೌರವಕ್ಕೆಂದು ಸ್ಟೀಲ್ ತಟ್ಟೆ ಬಡಿದರು. ಏಪ್ರಿಲ್‌ನಲ್ಲಿ, "ನಿಮ್ಮ ಮೇಲೆ ತುಂಬಾ ಗೌರವ ಇದೆಯಮ್ಮಾ, ಆದ್ರೆ ನಮ್ಮ ಮೆಟ್ಟಿಲು ಹತ್ತಬೇಡಿ" ಎಂದರು. ಮನೆಗೆ ಇನ್ನೊಂದು ಮೆಟ್ಟಿಲು ಇರಲಿಲ್ಲ. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವು ಸುರಿದವು. ಗುಡಿಸುವವರು ಎರಡು ಸಲ ಗುಡಿಸಿದರು. ಕೇಂದ್ರದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸುಗಳು ಅಷ್ಟು ಹೊತ್ತಿಗೆ ನರ್ಸಿಂಗ್ ಆಫೀಸರ್ ಆಗಿದ್ದರು, ನಮ್ಮ ರಾಜ್ಯದಲ್ಲೂ ಶುಶ್ರೂಷಾಧಿಕಾರಿ ಎಂದಾಯಿತು. ಗುತ್ತಿಗೆಯ ಮೇಲಿರುವ ಅಧಿಕಾರಿ ಎಂಬ ಹೊಸ ಪ್ರಾಣಿ ಹುಟ್ಟಿದ್ದೂ ಆಗಲೇ. ಪ್ರತಿ ಮೇ 12ಕ್ಕೆ ನಮ್ಮಲ್ಲಿ ನರ್ಸಸ್ ಡೇ. ವೇದಿಕೆಯ ಮೇಲೆ ಎಂ.ಡಿ., ಎಂ.ಡಿ.ಯವರ ಶ್ರೀಮತಿ, ಕಾರ್ಪೊರೇಟರು, ಔಷಧಿ ಕಂಪನಿಯವರು. ಕೆಳಗೆ, ರಜೆ ಇದ್ದ ನರ್ಸುಗಳು. ರಜೆ ಇಲ್ಲದವರಿಗೆ ಕೇಕು ವಾರ್ಡಿಗೇ ಬರುತ್ತದೆ, ಕ್ರೀಮು ಕರಗಿದ ಮೇಲೆ.

ಈಗ ಭಾನುವಾರ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದೇನೆ. ಜರ್ಮನಿಯಲ್ಲಿ ರೋಗಿಗೆ ಸ್ನಾನ ಮಾಡಿಸುವುದು, ಉಣಿಸುವುದು ಎಲ್ಲ ನರ್ಸೇ ಮಾಡಬೇಕು, ಹಾಸಿಗೆಯನ್ನೂ ಹಾಸಬೇಕು. ಅದರಲ್ಲಿ ನನ್ನನ್ನು ಸೋಲಿಸುವವರಿಲ್ಲ. ಅಲ್ಲಿನ ಕೆಲಸದ ಅರ್ಜಿಯ ಜತೆಗೆ ಒರಿಜಿನಲ್ ಸರ್ಟಿಫಿಕೇಟು ಬೇಕೆಂದರು. ಬಾಂಡು ಯಾವತ್ತೋ ಮುಗಿದಿತ್ತು, ಎಚ್.ಆರ್.ಗೆ ಹೋಗಿ ಕೇಳಿದೆ.

"ಲಾಕರ್ ಕೀ ಎಂ.ಡಿ. ಸರ್ ಹತ್ರ ಇದೆ ಸಿಸ್ಟರ್. ಅವರು ಮಂಡಿ ಆಪರೇಷನ್‌ಗೆ ಸಿಂಗಾಪುರಕ್ಕೆ ಹೋಗಿದ್ದಾರೆ."

"ನಮ್ಮಲ್ಲೇ ಆರ್ಥೋ ಡಿಪಾರ್ಟ್‌ಮೆಂಟ್ ಇದೆಯಲ್ಲಾ?"

ಹುಡುಗ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಡಾಕ್ಟರ್ಸ್ ಎಲ್ಲ ಓಕೆ ಅಂತೆ ಸಿಸ್ಟರ್. ನರ್ಸಿಂಗ್ ಕೇರ್ ಮಾತ್ರ ಅಲ್ಲಿ ಚೆನ್ನಾಗಿರುತ್ತಂತೆ."